ಬೆನ್ನು ಬಾಗಿದ್ದು ವಯಸ್ಸಿನಿಂದಲ್ಲ

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆ ನೀರಿನ ಬಿಂದಿಗೆ ಎತ್ತುವಾಗ ಬೆನ್ನಿನಲ್ಲಿ ಚಳಕ್ ಎಂದಂತಾಗಿ ಅಲ್ಲಿಯೇ ಕುಸಿದು ಕುಳಿತರು. ಉಳುಕಿರಬೇಕೆಂದು ಮನೆಯವರು ಎಣ್ಣೆ ಹಚ್ಚಿ ನೀವಿದರು. ವೈದ್ಯರೊಬ್ಬರು ನೋವಿನ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ನೋವು ತಗ್ಗಿತು, ನಾವೂ ಮರೆತೆವು. ವರ್ಷ ತುಂಬುವ ಮೊದಲೇ ಅತ್ತೆ ಮತ್ತೆ ಹಾಸಿಗೆ ಹಿಡಿದರು. ಆಗ ತೆಗೆಸಿದ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಎರಡು ಮಣಿಗಳು ಕುಸಿದಿದ್ದವು. ಒಂದು ಹೊಸತು, ಇನ್ನೊಂದು ಹಳೆಯದು. ವಯಸ್ಸಾಗಿ ಬೆನ್ನು ಬಾಗಿದೆ ಎಂದು ನಾವು ತಿಳಿದದ್ದು ವಾಸ್ತವದಲ್ಲಿ ಮೂಳೆ ಮುರಿತವಾಗಿತ್ತು.

ಇದು ಒಂದು ಮನೆಯ ಕಥೆಯಲ್ಲ. ಮುಟ್ಟು ನಿಂತ ಬಳಿಕ ಮಹಿಳೆಯರ ಮೂಳೆ ಒಳಗೊಳಗೇ ಟೊಳ್ಳಾಗತೊಡಗುತ್ತದೆ. ಇದೇ ಆಸ್ಟಿಯೋಪೊರೋಸಿಸ್. ಆಗ ಬೀಳಲೇಬೇಕೆಂದಿಲ್ಲ; ಬಿಂದಿಗೆ ಎತ್ತಿದರೂ, ಜೋರಾಗಿ ಕೆಮ್ಮಿದರೂ, ಬಸ್ಸು ಗುಂಡಿಗೆ ಇಳಿದರೂ ಮಣಿಯೊಂದು ಜಜ್ಜಿಹೋಗಬಹುದು. ಇಂಥ ಮುರಿತಗಳಲ್ಲಿ ಸುಮಾರು ಮೂರನೇ ಎರಡರಷ್ಟು ವೈದ್ಯರ ಗಮನಕ್ಕೇ ಬರುವುದಿಲ್ಲ ಎಂಬುದು ತಜ್ಞರ ಅಂದಾಜು.

ಗಮನಕ್ಕೆ ಬಂದರೆ ಚಿಕಿತ್ಸೆ ಕಠಿಣವೇನಲ್ಲ. ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ನೋವು ಶಮನ, ಕೆಲವೇ ದಿನಗಳ ವಿಶ್ರಾಂತಿ, ಅಗತ್ಯವಿದ್ದರೆ ಕೆಲವು ವಾರ ಬೆನ್ನುಪಟ್ಟಿ, ಆಮೇಲೆ ಬೇಗನೆ ನಡೆದಾಟ. ದೀರ್ಘಕಾಲ ಮಲಗಿಸಿದಷ್ಟೂ ಮೂಳೆ, ಸ್ನಾಯುಗಳೆರಡೂ ಸೊರಗುತ್ತವೆ. ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಜ್ವರ, ತೂಕ ಇಳಿಕೆ ಜತೆಗಿದ್ದರೆ ಕ್ಷಯ, ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕುಸಿದ ಮಣಿಗೆ ಸಿಮೆಂಟ್ ತುಂಬುವ ವರ್ಟೆಬ್ರೊಪ್ಲಾಸ್ಟಿ ಎಂಬ ವಿಧಾನವೂ ಇದೆ. ಆದರೆ 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಅದು ತೋರಿಕೆಯ ಚಿಕಿತ್ಸೆಗಿಂತ ಹೆಚ್ಚಿನ ಉಪಶಮನ ನೀಡಲಿಲ್ಲ. ಬೇರಾವುದಕ್ಕೂ ನೋವು ಬಗ್ಗದ ಕೆಲವರಿಗಷ್ಟೇ ಅದು ಯೋಚಿಸಬೇಕಾದ ದಾರಿ.

ನಾವು ಎಡವುತ್ತಿರುವುದು ನೋವು ತಗ್ಗಿದ ಮೇಲೆ. ಒಂದು ಮಣಿ ಕುಸಿದ ಮಹಿಳೆಯರಲ್ಲಿ ಐವರಿಗೊಬ್ಬರಂತೆ ಒಂದೇ ವರ್ಷದೊಳಗೆ ಇನ್ನೊಂದು ಮಣಿ ಕುಸಿಯುತ್ತದೆ ಎಂದು 2001ರಲ್ಲಿಯೇ ಅಧ್ಯಯನವೊಂದು ತೋರಿಸಿತ್ತು. ಮುರಿತ ರೋಗದ ಕೊನೆಯಲ್ಲ, ಎಚ್ಚರಿಕೆ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಇಲ್ಲವೇ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಮ್ಲದ ಡ್ರಿಪ್, ಜತೆಗೆ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಮುಂದಿನ ಮುರಿತದ ಸಂಭವವನ್ನು ಗಣನೀಯವಾಗಿ ತಗ್ಗಿಸುತ್ತವೆ. ನಮ್ಮ ಅತ್ತೆಗೆ ಮೊದಲ ಸಲ ಸಿಗದೇ ಹೋದದ್ದು ಇದೇ.

ಚಿತ್ರದುರ್ಗ ಜಿಲ್ಲೆಯಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಬೆನ್ನು ನೋವೆಂದು ಬಂದವರನ್ನು 'ಫ್ಲೋರೈಡ್ ನೀರಿನ ಕಾಟ' ಎಂದು ಸಾಗಹಾಕುವುದು ಸುಲಭ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯೂ ಇಲ್ಲಿ ದಾರಿ ತಪ್ಪಿಸಬಹುದು. ಫ್ಲೋರೈಡ್ ಮೂಳೆಯನ್ನು ದಟ್ಟವಾಗಿಸುತ್ತದೆಯೇ ಹೊರತು ಗಟ್ಟಿಯಾಗಿಸುವುದಿಲ್ಲ. ಒಂದು ಕಾಲಕ್ಕೆ ಅದನ್ನೇ ಈ ಕಾಯಿಲೆಗೆ ಔಷಧವಾಗಿ ಕೊಡುತ್ತಿದ್ದರು; 1990ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಬೆನ್ನುಮೂಳೆಯ ಸಾಂದ್ರತೆ ಏರಿತು, ಆದರೆ ಅಲ್ಲಿನ ಮುರಿತಗಳು ಗಣನೀಯವಾಗಿ ತಗ್ಗಲಿಲ್ಲ, ಇತರ ಮೂಳೆಗಳ ಮುರಿತ ಹೆಚ್ಚಿತು. ಆದ್ದರಿಂದ ಡೆಕ್ಸಾ ಅಂಕಿ ಚೆನ್ನಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಅಲ್ಪ ಭಾರಕ್ಕೆ ಮಣಿ ಕುಸಿದಿದ್ದರೆ, ಬೇರೆ ಕಾರಣ ಇಲ್ಲದಿರುವಾಗ, ಆ ಮುರಿತವೇ ರೋಗಕ್ಕೆ ಸಾಕ್ಷಿ.

ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂರು ಕೆಲಸ ಕಡ್ಡಾಯವಾಗಲಿ. ಹಠಾತ್ ಬೆನ್ನು ನೋವೆಂದು ಬರುವ ಅರವತ್ತು ದಾಟಿದ ಪ್ರತಿ ಮಹಿಳೆಗೂ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಯಬೇಕು. ಎತ್ತರ ಅಳೆದು ಚೀಟಿಯಲ್ಲಿ ಬರೆಯಬೇಕು. ಮುರಿತ ಕಂಡವರನ್ನು ಮೂಳೆಯ ಔಷಧವಿಲ್ಲದೆ ಮನೆಗೆ ಕಳುಹಿಸಬಾರದು. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆಯ ಯಂತ್ರ ಬೇಕಿಲ್ಲ.

ನಮ್ಮ ಅತ್ತೆ ಈಗ ಪ್ರತಿ ಸೋಮವಾರ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ, ವೈದ್ಯರು ಹೇಳಿದಂತೆ ಅರ್ಧ ಗಂಟೆ ಮಲಗದೆ ಜಗಲಿಯಲ್ಲಿ ಕೂರುತ್ತಾರೆ. ಕಳೆದುಕೊಂಡ ಎತ್ತರ ಮರಳಿ ಬಾರದು. ಮೂರನೆಯ ಮಣಿಯನ್ನಾದರೂ ಉಳಿಸಿಕೊಳ್ಳೋಣ ಎಂಬುದಷ್ಟೇ ಈಗ ನಮ್ಮ ಪ್ರಯತ್ನ. ಬೇರೆಯವರ ಮನೆಯಲ್ಲಿ ಈ ಎಚ್ಚರ ಮೊದಲನೆಯ ಮಣಿಗೇ ಮೂಡಲಿ.