ಒಂದು ಗೆರೆ ಮರೆತರೆ ಕೆಫೀನ್ ಕೆಫೀನಲ್ಲ

ಪಿಯುಸಿ ಓದುವ ಮಗನ ಅಥವಾ ಮಗಳ ರಸಾಯನಶಾಸ್ತ್ರದ ನೋಟ್‌ಪುಸ್ತಕ ತೆರೆದ ಪೋಷಕರಿಗೆ ಮೊದಲು ಕಾಣುವುದು ಜೇನುಗೂಡಿನಂಥ ಷಟ್ಕೋನಗಳು, ಅವುಗಳಿಂದ ಹೊರಟ ಅಂಕುಡೊಂಕು ಗೆರೆಗಳು. ಇದು ವಿಜ್ಞಾನವೋ ರಂಗೋಲಿಯೋ ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಎಷ್ಟೋ ವಿದ್ಯಾರ್ಥಿಗಳಿಗೂ ಹಾಗೆಯೇ ಅನ್ನಿಸುತ್ತದೆ. ಆದ್ದರಿಂದಲೇ ಅವರು ಪದ್ಯವನ್ನು ಬಾಯಿಪಾಠ ಮಾಡಿದಂತೆ ಚಿತ್ರವನ್ನು ಕಣ್ಣುಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಒಂದು ಗೆರೆ ತಪ್ಪಿ ಅಂಕ ಕಳೆದುಕೊಳ್ಳುತ್ತಾರೆ. ತಪ್ಪಿದ್ದು ಏಕೆ ಎಂಬುದು ಮಾತ್ರ ತಿಳಿಯುವುದಿಲ್ಲ.

ರಂಗೋಲಿಯಲ್ಲಿ ಒಂದು ಎಳೆ ಬಿಟ್ಟುಹೋದರೆ ಅಂದ ಸ್ವಲ್ಪ ಕೆಡಬಹುದು, ಅಷ್ಟೆ. ಅಣುವಿನ ಚಿತ್ರದಲ್ಲಿ ಒಂದು ಎಳೆ ಬಿಟ್ಟುಹೋದರೆ ವಸ್ತುವೇ ಬೇರೆಯಾಗುತ್ತದೆ. ಇದನ್ನು ಅರಿಯಲು ಸಕಲೇಶಪುರ, ಆಲೂರು ಸೀಮೆಯ ಮಕ್ಕಳು ದೂರ ಹೋಗಬೇಕಾಗಿಲ್ಲ. ತೋಟದ ಕಾಫಿ ಗಿಡವೇ ಸಾಕು.

ಯಾರಿಗೆ ಎಷ್ಟು ಕೈ?

ಅಣುವಿನ ಚಿತ್ರಕ್ಕೆ ಒಂದು ವ್ಯಾಕರಣವಿದೆ. ಇಂಗಾಲಕ್ಕೆ ನಾಲ್ಕು ಕೈ, ಸಾರಜನಕಕ್ಕೆ ಮೂರು, ಆಮ್ಲಜನಕಕ್ಕೆ ಎರಡು, ಜಲಜನಕಕ್ಕೆ ಒಂದು. ಒಂದು ಗೆರೆ ಎಂದರೆ ಇಬ್ಬರು ಒಂದೊಂದು ಕೈ ಕೊಟ್ಟು ಹಿಡಿದುಕೊಂಡಂತೆ. ಎರಡು ಗೆರೆ ಎಂದರೆ ಎರಡೆರಡು ಕೈ ಹಿಡಿದಂತೆ, ಅದೇ ದ್ವಿಬಂಧ. ಯಾವ ಕೈಯೂ ಖಾಲಿ ಉಳಿಯಬಾರದು. ಬರೆಯುವ ಶ್ರಮ ಉಳಿಸಲು ರಸಾಯನಶಾಸ್ತ್ರಜ್ಞರು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಅಕ್ಷರವಿಲ್ಲದ ಪ್ರತಿ ಮೂಲೆಯೂ, ಗೆರೆಯ ಪ್ರತಿ ಬರಿ ತುದಿಯೂ ಇಂಗಾಲ. ಇಂಗಾಲದ ಉಳಿದ ಕೈಗಳಲ್ಲಿ ಜಲಜನಕ ಇದೆ ಎಂದು ಓದುವವರೇ ತಿಳಿದುಕೊಳ್ಳಬೇಕು.

ಈ ಗೆರೆಗಳು ಸುಮ್ಮನೆ ಸಿಕ್ಕಿದವಲ್ಲ. 1819ರಲ್ಲಿ ಜರ್ಮನಿಯ ಕವಿ ಗಯಟೆ ಕೊಟ್ಟ ಕಾಫಿ ಬೀಜಗಳಿಂದ ರುಂಗೆ ಎಂಬ ತರುಣ ವಿಜ್ಞಾನಿ ಕೆಫೀನನ್ನು ಬೇರ್ಪಡಿಸಿದ. ಅದರಲ್ಲಿ 8 ಇಂಗಾಲ, 10 ಜಲಜನಕ, 4 ಸಾರಜನಕ, 2 ಆಮ್ಲಜನಕ ಪರಮಾಣುಗಳಿವೆ. ಆದರೆ ಯಾರು ಯಾರ ಕೈ ಹಿಡಿದಿದ್ದಾರೆ? ಅದಕ್ಕೆ ಖಚಿತ ಉತ್ತರ ಸಿಗಲು ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಎಮಿಲ್ ಫಿಷರ್ 1895ರಲ್ಲಿ ಕೆಫೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಮುಂದಿನ ಒಂದೆರಡು ವರ್ಷಗಳಲ್ಲಿ ರಚನೆಯನ್ನೂ ನಿಶ್ಚಯಿಸಿದ. ಸಕ್ಕರೆಗಳ ಮೇಲಿನ ಮತ್ತು ಕೆಫೀನ್ ಸೇರಿದ ಪ್ಯೂರಿನ್ ಗುಂಪಿನ ಮೇಲಿನ ಕೆಲಸಕ್ಕಾಗಿ 1902ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಪರದೆಯ ಮೇಲೆ ಕೆಫೀನ್

ಅಷ್ಟು ವರ್ಷಗಳ ದುಡಿಮೆಯ ಫಲವನ್ನು ಇಂದು ಐದು ನಿಮಿಷದಲ್ಲಿ ಬರೆಯಬಹುದು. ಅಣು ಬರೆಯುವ ಸಾಧನಗಳು ಅಂತರಜಾಲದಲ್ಲಿ ಉಚಿತವಾಗಿವೆ: ಅಮೆರಿಕದ ಸರಕಾರಿ ಸಂಸ್ಥೆಯೊಂದು 2004ರಲ್ಲಿ ಆರಂಭಿಸಿದ ಪಬ್‌ಕೆಮ್ ಭಂಡಾರದ ಸ್ಕೆಚರ್, ಜೆಎಸ್ಎಂಇ, ಕೆಚರ್, ಮೋಲ್‌ವ್ಯೂ. ದುಬಾರಿ ಕಂಪ್ಯೂಟರ್ ಬೇಕಿಲ್ಲ. ಮೊಬೈಲ್ ಫೋನಾದರೂ ನಡೆಯುತ್ತದೆ.

ಮೊದಲು ಒಂದು ಷಟ್ಕೋನ ಹಾಕಿ. ಅದರ ಒಂದು ಬದಿಗೆ ಒಂದು ಪಂಚಕೋನ ಅಂಟಿಸಿ. ಎರಡಕ್ಕೂ ಸೇರಿದ ಆ ಬದಿ ದ್ವಿಬಂಧವಾಗಲಿ. ಅದರ ಎರಡು ತುದಿಗಳು ಇಂಗಾಲ. ಷಟ್ಕೋನದಲ್ಲಿ ಉಳಿದ ನಾಲ್ಕು ಮೂಲೆಗಳನ್ನು ಕ್ರಮವಾಗಿ ಸಾರಜನಕ, ಇಂಗಾಲ, ಸಾರಜನಕ, ಇಂಗಾಲ ಮಾಡಿ. ಆ ಎರಡು ಇಂಗಾಲಗಳಿಗೆ ಒಂದೊಂದು ಆಮ್ಲಜನಕವನ್ನು ದ್ವಿಬಂಧದಿಂದ ಜೋಡಿಸಿ. ಪಂಚಕೋನದ ಉಳಿದ ಮೂರು ಮೂಲೆಗಳು ಸಾರಜನಕ, ಇಂಗಾಲ, ಸಾರಜನಕ. ಇವುಗಳಲ್ಲಿ ಒಂದು ಸಾರಜನಕ ಷಟ್ಕೋನದ ಆಮ್ಲಜನಕದ ಮಗ್ಗುಲಿಗಿರುತ್ತದೆ; ಅದಕ್ಕೆ ಒಂಟಿ ಬಂಧಗಳೇ ಇರಲಿ. ಇನ್ನೊಂದು ಸಾರಜನಕಕ್ಕೂ ನಡುವಿನ ಇಂಗಾಲಕ್ಕೂ ದ್ವಿಬಂಧ ಹಾಕಿ. ಕೈ ಖಾಲಿ ಉಳಿದ ಮೂರು ಸಾರಜನಕಗಳಿಗೆ ಒಂದೊಂದು ಪುಟ್ಟ ಗೆರೆ ಎಳೆಯಿರಿ. ಅದೇ ಮಿಥೈಲ್ ಗುಂಪು: ಒಂದು ಇಂಗಾಲ, ಮೂರು ಜಲಜನಕ. ಈಗ ಪರಮಾಣುಗಳನ್ನು ಎಣಿಸಿ. 8, 10, 4, 2 ಬಂತೇ? ಬಂದಿದ್ದರೆ ಪರದೆಯ ಮೇಲಿರುವುದು ಕೆಫೀನ್.

ಇನ್ನು ಮುಖ್ಯ ಪಾಠ. ಆ ಮೂರು ಪುಟ್ಟ ಗೆರೆಗಳಲ್ಲಿ ಒಂದನ್ನು ಅಳಿಸಿ ನೋಡಿ. ಎರಡು ಆಮ್ಲಜನಕಗಳ ನಡುವಿನ ಸಾರಜನಕದ ಗೆರೆ ಅಳಿಸಿದರೆ ಅದು ಥಿಯೊಬ್ರೊಮಿನ್, ಚಾಕೊಲೆಟ್ಟಿನ ಕೋಕೋದಲ್ಲಿರುವ ವಸ್ತು. ಅದನ್ನು ಮತ್ತೆ ಹಾಕಿ, ಪಂಚಕೋನದ ಗೆರೆ ಅಳಿಸಿದರೆ ಥಿಯೊಫಿಲಿನ್, ಆಸ್ತಮಾ ರೋಗಿಗಳಿಗೆ ಕೊಡುತ್ತ ಬಂದಿರುವ ಔಷಧಿ. ಅದನ್ನೂ ಮರಳಿ ಹಾಕಿ, ಷಟ್ಕೋನದ ಇನ್ನೊಂದು ಗೆರೆ ಅಳಿಸಿದರೆ ಪ್ಯಾರಾಜ಼ಾಂಥಿನ್. ನಾವು ಕುಡಿದ ಕಾಫಿಯ ಕೆಫೀನಿನ ಬಹುಪಾಲನ್ನು ನಮ್ಮ ಯಕೃತ್ತು ಮೊದಲು ಬದಲಾಯಿಸುವುದು ಇದನ್ನಾಗಿಯೇ. ಈ ಮೂರಕ್ಕೂ ಅಣುಸೂತ್ರ ಒಂದೇ: 7 ಇಂಗಾಲ, 8 ಜಲಜನಕ, 4 ಸಾರಜನಕ, 2 ಆಮ್ಲಜನಕ. ಸೂತ್ರ ಒಂದೇ, ವಸ್ತು ಮೂರು. ಸಮಾಂಗಿ ಎಂಬ ಪದದ ಅರ್ಥ ಇದಕ್ಕಿಂತ ಸುಲಭವಾಗಿ ತಿಳಿಯುವುದುಂಟೇ?

ಇನ್ನೊಂದು ಸ್ವಾರಸ್ಯವಿದೆ. ಕಾಫಿ ಗಿಡವೂ ಕೆಫೀನನ್ನು ಹಂತ ಹಂತವಾಗಿಯೇ ಕಟ್ಟುತ್ತದೆ. ಮೊದಲು ಥಿಯೊಬ್ರೊಮಿನ್ ಮಾಡಿಕೊಂಡು, ಕೊನೆಗೆ ಅದಕ್ಕೆ ಒಂದು ಮಿಥೈಲ್ ಸೇರಿಸುತ್ತದೆ. ವಿದ್ಯಾರ್ಥಿ ಪರದೆಯ ಮೇಲೆ ಎಳೆಯುವ ಆ ಕೊನೆಯ ಗೆರೆಯನ್ನು ತೋಟದ ಗಿಡ ಎಲೆಯಲ್ಲಿ, ಬೀಜದಲ್ಲಿ ಎಳೆಯುತ್ತಿರುತ್ತದೆ. ಅರೇಬಿಕಾ ಬೀಜದಲ್ಲಿ ಸುಮಾರು ಶೇಕಡಾ 1.2ರಷ್ಟು, ರೋಬಸ್ಟಾದಲ್ಲಿ ಸುಮಾರು 2.2ರಷ್ಟು ಕೆಫೀನ್ ಇರುತ್ತದೆ.

ಎಡಗೈ, ಬಲಗೈ

ಬೆಳೆಗಾರರ ಮಕ್ಕಳಿಗೆ ಮನೆಯ ಮಾತೇ ಆದ ಇನ್ನೊಂದು ಅಣುವಿದೆ. ಬಿಳಿ ಕಾಂಡಕೊರಕದ ಹೆಸರು ಕೇಳದ ಅರೇಬಿಕಾ ಬೆಳೆಗಾರರಿಲ್ಲ. ಈ ದುಂಬಿ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಹೊಕ್ಕು ಮರವನ್ನು ಕೊರೆಯುತ್ತದೆ. ಗಿಡ ಸೊರಗಿದರೆ ಕಿತ್ತು ಸುಡುವುದೇ ದಾರಿ. ಮರುನೆಟ್ಟ ಗಿಡ ಫಸಲು ಕೊಡಲು ಮತ್ತೆ ಮೂರು ನಾಲ್ಕು ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಮಕ್ಕಳ ಕಾಲೇಜಿನ ಖರ್ಚು ಕಾಯುವುದಿಲ್ಲ.

ಗಂಡು ದುಂಬಿ ಹೆಣ್ಣನ್ನು ಕರೆಯುವುದು ವಾಸನೆಯಿಂದ. ಆ ವಾಸನೆಯ ಮುಖ್ಯ ಅಣು ಯಾವುದೆಂದು ಬ್ರಿಟನ್ನಿನ ಮತ್ತು ಭಾರತದ ಕಾಫಿ ಸಂಶೋಧಕರು ಒಟ್ಟಾಗಿ ಪತ್ತೆಹಚ್ಚಿ 2006ರಲ್ಲಿ ವಿವರ ಪ್ರಕಟಿಸಿದರು. ಬರೆಯಲು ಅದು ಕೆಫೀನಿಗಿಂತ ಸುಲಭ. ಹತ್ತು ಇಂಗಾಲದ ಅಂಕುಡೊಂಕು ಸರಪಳಿ; ತುದಿಯಿಂದ ಎರಡನೆಯದಕ್ಕೆ ಹೈಡ್ರಾಕ್ಸಿಲ್ ಗುಂಪು, ಮೂರನೆಯದಕ್ಕೆ ದ್ವಿಬಂಧದಿಂದ ಆಮ್ಲಜನಕ. ಅಷ್ಟೇ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ಎರಡನೆಯ ಇಂಗಾಲದ ನಾಲ್ಕು ಕೈಗಳಲ್ಲಿರುವುದು ನಾಲ್ಕು ಬೇರೆ ಬೇರೆ ಗುಂಪುಗಳು. ಆದ್ದರಿಂದ ಈ ಅಣುವಿಗೆ ಎರಡು ರೂಪಗಳು ಸಾಧ್ಯ, ಎಡಗೈ ಬಲಗೈಗಳಂತೆ. ಕನ್ನಡಿಯಲ್ಲಿ ಒಂದರಂತೆ ಇನ್ನೊಂದು. ಒಂದರ ಮೇಲೊಂದು ಇಟ್ಟರೆ ಹೊಂದುವುದಿಲ್ಲ. ದುಂಬಿಯ ಕರೆಯ ಮುಖ್ಯ ಅಂಶ ಇವೆರಡರಲ್ಲಿ ಒಂದು ರೂಪ ಮಾತ್ರ. ಚಪ್ಪಟೆ ಹಾಳೆಯ ಮೇಲೆ ಈ ವ್ಯತ್ಯಾಸ ತೋರಿಸುವುದು ಹೇಗೆ? ನಮ್ಮತ್ತ ಬರುವ ಬಂಧಕ್ಕೆ ತುಂಬಿದ ಬೆಣೆ, ಹಿಂದಕ್ಕೆ ಹೋಗುವ ಬಂಧಕ್ಕೆ ಗೀರುಗೀರಾದ ಬೆಣೆ. ಬರೆಯುವ ಸಾಧನಗಳಲ್ಲಿ ಎರಡೂ ಇವೆ. ಮೋಲ್‌ವ್ಯೂನಲ್ಲಿ ಬೆಣೆ ಬದಲಿಸಿ, ಪಕ್ಕದ ಮೂರು ಆಯಾಮದ ಚಿತ್ರವನ್ನು ತಿರುಗಿಸಿ ನೋಡಿದರೆ ಪುಸ್ತಕದಲ್ಲಿ ಒಗಟಾಗಿದ್ದುದು ಕಣ್ಣಿಗೇ ಕಾಣುತ್ತದೆ. ತೋಟಗಳಲ್ಲಿ ತೂಗುಹಾಕುವ ಮೋಹಕ ಬಲೆಗಳ ಹಿಂದಿರುವುದು ಇದೇ ರಸಾಯನಶಾಸ್ತ್ರ. ಬಲೆ ಇದೆಯೆಂದು ರೋಗದ ಗಿಡ ಹುಡುಕಿ ಕೀಳುವ ಕೆಲಸ ತಪ್ಪುವುದಿಲ್ಲ, ಆ ಮಾತು ಬೇರೆ.

ಮೊದಲು ಪೆನ್ಸಿಲ್, ಆಮೇಲೆ ಪರದೆ

ಹಾಗಾದರೆ ಎಲ್ಲವನ್ನೂ ಪರದೆಯ ಮೇಲೇ ಕಲಿಯಬಹುದೇ? ಕೂಡದು. ಈ ಸಾಧನಗಳು ಖಾಲಿ ಕೈಗಳಿಗೆ ಜಲಜನಕವನ್ನು ತಾವೇ ತುಂಬುತ್ತವೆ. ಇಂಗಾಲಕ್ಕೆ ಐದನೆಯ ಗೆರೆ ಎಳೆದರೆ ಕೆಚರ್ ಕೆಂಪು ಗೆರೆ ತೋರಿಸಿ ಎಚ್ಚರಿಸುತ್ತದೆ. ಇದು ಉಪಕಾರವೂ ಹೌದು, ಅಪಾಯವೂ ಹೌದು. ಲೆಕ್ಕವನ್ನೆಲ್ಲ ಯಂತ್ರಕ್ಕೆ ಬಿಟ್ಟವನು ಪರೀಕ್ಷಾ ಕೊಠಡಿಯಲ್ಲಿ ಬರಿಗೈಯಾಗುತ್ತಾನೆ. ಅಲ್ಲದೆ ಕೈಗಳ ಲೆಕ್ಕ ಸರಿಯಿದ್ದರೆ ಸಾಕು, ಲೋಕದಲ್ಲಿ ಎಲ್ಲೂ ಇಲ್ಲದ ಅಣುವನ್ನೂ ಈ ಸಾಧನ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಅದು ಕಾಗುಣಿತ ತಿದ್ದೀತು, ಕಥೆ ನಿಜವೇ ಎಂದು ಹೇಳಲಾರದು.

ಆದ್ದರಿಂದ ಮೊದಲು ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯಬೇಕು. ಪ್ರತಿ ಪರಮಾಣುವಿನ ಕೈ ಎಣಿಸಿ, ಅಣುಸೂತ್ರವನ್ನು ಬದಿಯಲ್ಲಿ ಗುರುತು ಹಾಕಬೇಕು. ಬಳಿಕ ಪರದೆಯ ಮೇಲೆ ಬರೆದು ತಾಳೆ ನೋಡಬೇಕು. ದಿನಕ್ಕೆ ಹದಿನೈದು ನಿಮಿಷ, ಒಂದು ಅಣು ಸಾಕು. ರಸಾಯನಶಾಸ್ತ್ರ ಓದದ ಪೋಷಕರೂ ಇಲ್ಲಿ ನೆರವಾಗಬಹುದು. ಚಿತ್ರದ ಯಾವುದಾದರೂ ಒಂದು ಗೆರೆಗೆ ಬೆರಳಿಟ್ಟು, "ಇದು ಇಲ್ಲದಿದ್ದರೆ ಏನಾಗುತ್ತದೆ?" ಎಂದು ಕೇಳಿದರಾಯಿತು. ಮಗು ಉತ್ತರ ಹೇಳಿದರೆ ಕಲಿತಿದೆ ಎಂದರ್ಥ. ತಡವರಿಸಿದರೆ ಚಿತ್ರವನ್ನು ಬರಿ ಕಣ್ಣುಪಾಠ ಮಾಡಿದೆ ಎಂದರ್ಥ.

ಈ ವಾರದ ಅಭ್ಯಾಸಕ್ಕೆ ಏಲಕ್ಕಿ ಇರಲಿ. ಅದರ ಪರಿಮಳದ ಒಂದು ಮುಖ್ಯ ಅಣು ಸಿನಿಯೋಲ್. ನೀಲಗಿರಿ ತೈಲದ ಮುಖ್ಯ ಅಣುವೂ ಅದೇ. ಅದರಲ್ಲಿ 10 ಇಂಗಾಲ, 18 ಜಲಜನಕ, 1 ಆಮ್ಲಜನಕ ಇವೆ. ದ್ವಿಬಂಧ ಒಂದೂ ಇಲ್ಲ. ಆಮ್ಲಜನಕವು ಉಂಗುರಕ್ಕೆ ಸೇತುವೆಯಂತೆ ನಿಂತಿದೆ. ಪೆನ್ಸಿಲಿನಿಂದ ಬರೆದು, ಪಬ್‌ಕೆಮ್‌ನಲ್ಲಿ ತಾಳೆ ನೋಡಿ.