ಅತಿಥಿಯಾಗಿ ಬರಲಿ, ಯಜಮಾನನಾಗಿ ಬೇಡ

ಮುಕ್ತ ತಂತ್ರಾಂಶದ ಸಮಾವೇಶಗಳಿಗೆ ಸ್ವಾಮ್ಯದ ತಂತ್ರಾಂಶ ಮಾರುವ ಕಂಪನಿಗಳನ್ನು ಕರೆಯಬೇಕೆ, ಬೇಡವೆ? ಎರಡು ದಶಕಗಳಿಂದ ಕೇಳಿಬರುತ್ತಿರುವ ಈ ಪ್ರಶ್ನೆ ಮೇಲ್ನೋಟಕ್ಕೆ ತಂತ್ರಜ್ಞರ ಮನೆಜಗಳದಂತೆ ತೋರುತ್ತದೆ. ಆದರೆ ಇಂಥ ಸಭೆಗಳಲ್ಲಿ ಸರ್ಕಾರಿ ಅಧಿಕಾರಿಗಳೂ ಪ್ರಾಧ್ಯಾಪಕರೂ ಕುಳಿತಿರುತ್ತಾರೆ. ಅಲ್ಲಿ ಕೇಳಿದ ಮಾತು ಮುಂದೊಂದು ದಿನ ಖರೀದಿಯ ಕಡತವನ್ನು ಸೇರುತ್ತದೆ. ಹಾಗಾಗಿ ಇದು ತೆರಿಗೆದಾರನ ಪ್ರಶ್ನೆಯೂ ಹೌದು.

ತಂತ್ರಾಂಶದ ಆಕರ ಸಂಕೇತವನ್ನು ತೆರೆದಿಟ್ಟು, ಅದನ್ನು ಓದುವ, ತಿದ್ದುವ, ಹಂಚುವ ಹಕ್ಕನ್ನು ಪರವಾನಗಿಯ ಮೂಲಕವೇ ಕೊಡುವುದು ಮುಕ್ತ ಪದ್ಧತಿ. ಲಿನಕ್ಸ್ ಇದರ ಪ್ರಸಿದ್ಧ ನಿದರ್ಶನ. ಸಂಕೇತವನ್ನು ಮುಚ್ಚಿಟ್ಟು ಬಳಕೆಯ ಅನುಮತಿಯನ್ನಷ್ಟೇ ಮಾರುವುದು ಸ್ವಾಮ್ಯದ ಪದ್ಧತಿ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆದ ಸಮಾವೇಶದ ಮೂಲಕ ನಮ್ಮ ನಗರಕ್ಕೂ ಈ ಬಳಗದ ಪರಿಚಯ ಹಳೆಯದು.

ಬೇಡವೆನ್ನುವವರ ಸಿಟ್ಟು ನಿರಾಧಾರವಲ್ಲ. 2001ರಲ್ಲಿ ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರ್ ಎಂದು ಕರೆದಿದ್ದರು. 2007ರಲ್ಲಿ ಅದೇ ಕಂಪನಿ, ತನ್ನ 235 ಪೇಟೆಂಟ್‌ಗಳನ್ನು ಮುಕ್ತ ತಂತ್ರಾಂಶಗಳು ಉಲ್ಲಂಘಿಸುತ್ತಿವೆ ಎಂದು ಹೇಳಿಕೊಂಡಿತು. ಮುಂದೆ 2016ರಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ಸದಸ್ಯನಾಯಿತು. 2018ರಲ್ಲಿ 750 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ, ಮುಕ್ತ ಸಂಕೇತದ ಬಹುದೊಡ್ಡ ನೆಲೆಯಾದ ಗಿಟ್‌ಹಬ್ ಅನ್ನು ಕೊಂಡಿತು. ಇದನ್ನು ಮನಃಪರಿವರ್ತನೆಯೆಂದು ಕೊಂಡಾಡುವವರಿದ್ದಾರೆ. ಅರ್ಥಶಾಸ್ತ್ರ ಓದಿದವನಿಗೆ ಅಷ್ಟು ಭಾವುಕತೆ ಬೇಕಾಗದು. ಪೂರಕ ಸರಕು ಅಗ್ಗವಾದಷ್ಟೂ ನಮ್ಮ ಸರಕಿಗೆ ಬೇಡಿಕೆ ಹೆಚ್ಚುತ್ತದೆ. ಬಾಡಿಗೆಗೆ ಗಣಕ ಸಾಮರ್ಥ್ಯ ಮಾರುವವನಿಗೆ ಅದರ ಮೇಲೆ ಓಡುವ ಲಿನಕ್ಸ್ ಪುಕ್ಕಟೆಯಾಗಿರುವುದೇ ಲಾಭ. ಯಂತ್ರ ಮತ್ತು ಸೇವೆ ಮಾರುತ್ತಿದ್ದ ಐಬಿಎಂ 2001ರಲ್ಲಿ ಲಿನಕ್ಸ್‌ಗಾಗಿ 100 ಕೋಟಿ ಡಾಲರ್ ತೊಡಗಿಸುವುದಾಗಿ ಪ್ರಕಟಿಸಿದ್ದರ ಹಿಂದೆಯೂ ಇದೇ ಲೆಕ್ಕಾಚಾರವಿತ್ತು. ಲಾಭಕ್ಕಾಗಿ ಬಂದವರೆಂಬ ಕಾರಣಕ್ಕೆ ಅವರನ್ನು ಹೊರಗಿಡಬೇಕಿಲ್ಲ, ಸ್ನೇಹಿತರೆಂದು ಭ್ರಮಿಸಲೂಬೇಕಿಲ್ಲ.

ಹೆಸರು ನೋಡಿ ಬಾಗಿಲು ಹಾಕುವುದರಲ್ಲಿ ಇನ್ನೊಂದು ತೊಡಕಿದೆ. ಹಾಶಿಕಾರ್ಪ್ ಎಂಬ ಕಂಪನಿ ಮುಕ್ತ ತಂತ್ರಾಂಶದಿಂದಲೇ ಹೆಸರು ಗಳಿಸಿತ್ತು. 2023ರಲ್ಲಿ ಅದು ‘ಟೆರಾಫಾರ್ಮ್’ ತಂತ್ರಾಂಶದ ಪರವಾನಗಿಯನ್ನೇ ಬದಲಿಸಿ, ಪ್ರತಿಸ್ಪರ್ಧಿಗಳ ಬಳಕೆಗೆ ನಿರ್ಬಂಧ ಹೇರಿತು. ಬಳಕೆದಾರರು ಹಳೆಯ ಸಂಕೇತವನ್ನು ಹಿಡಿದು ‘ಓಪನ್‌ಟೋಫು’ ಎಂಬ ಕವಲನ್ನು ಬೆಳೆಸಬೇಕಾಯಿತು. ನಿನ್ನೆಯ ಮನೆಯವರು ಇಂದು ಹೊರಗಿನವರು! ಬಾಗಿಲಲ್ಲಿ ನಿಂತವನು ಯಾರ ಚೀಟಿ ನೋಡಿ ಒಳಗೆ ಬಿಡಬೇಕು?

ಹಾಗೆಂದು ಬಾಗಿಲನ್ನು ತೆರೆದಿಟ್ಟು ಸುಮ್ಮನಿರುವುದೂ ಕ್ಷೇಮವಲ್ಲ. 2007ರಲ್ಲಿ ಮೈಕ್ರೋಸಾಫ್ಟ್‌ನ ಕಡತ ವಿನ್ಯಾಸಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ನೀಡುವ ಪ್ರಶ್ನೆ ಬಂದಾಗ ಸ್ವೀಡನ್ನಿನ ಮಾನಕ ಸಂಸ್ಥೆಯ ಸಮಿತಿಗೆ ಕೊನೆಯ ಗಳಿಗೆಯಲ್ಲಿ ಹಲವು ಕಂಪನಿಗಳು ಶುಲ್ಕ ಕಟ್ಟಿ ಸದಸ್ಯರಾಗಿ ಬಂದು, ಪರವಾಗಿ ಮತ ಚಲಾಯಿಸಿದವು. ಪಾಲುದಾರ ಕಂಪನಿಗಳಿಗೆ ಮಾರುಕಟ್ಟೆ ನೆರವಿನ ಆಮಿಷ ಒಡ್ಡಿದ ನೌಕರನ ಪತ್ರವೂ ಹೊರಬಿತ್ತು. ಅದು ತಪ್ಪೆಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಒಂದೇ ಸಂಸ್ಥೆ ಒಂದಕ್ಕಿಂತ ಹೆಚ್ಚು ಮತ ಹಾಕಿದೆಯೆಂಬ ಕಾರಣಕ್ಕೆ ಆ ಮತದಾನ ರದ್ದಾಯಿತು. (ಭಾರತ ಆಗ ವಿರುದ್ಧ ಮತ ನೀಡಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.) ಸಮಾವೇಶ ಮಾನಕ ಸಮಿತಿಯಲ್ಲ, ನಿಜ. ಆದರೂ ಹಣ ಕೊಟ್ಟು ಪೀಠ ಪಡೆಯುವ ರೀತಿ ಎರಡೂ ಕಡೆ ಒಂದೇ.

ನಾನು ಸೇವೆಯಲ್ಲಿದ್ದಾಗ ಇಂಥದೊಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಫಲಕದ ಮೇಲೆ ‘ಮುಕ್ತ’ ಎಂಬ ಮಾತು ದೊಡ್ಡ ಅಕ್ಷರಗಳಲ್ಲಿತ್ತು; ಪ್ರಧಾನ ಭಾಷಣ ಮಾತ್ರ ಪ್ರಾಯೋಜಕ ಕಂಪನಿಯವರದು. ಪ್ರಶ್ನೋತ್ತರಕ್ಕೆ ವೇಳೆಯಿಲ್ಲವೆಂದರು. ಊಟಕ್ಕೆ ಬೇಕಾದಷ್ಟಿತ್ತು. ಕೆಲವು ತಿಂಗಳ ಬಳಿಕ ನನ್ನ ಮೇಜಿಗೆ ಬಂದ ಟೆಂಡರಿನ ಕರಡಿನಲ್ಲಿ ಆ ಭಾಷಣದ ಮಾತುಗಳೇ ತಾಂತ್ರಿಕ ಷರತ್ತುಗಳಾಗಿದ್ದವು. ಕರಡು ಬರೆದ ಕಿರಿಯ ಅಧಿಕಾರಿ ಪ್ರಾಮಾಣಿಕರು; ಕೇಳಿದ್ದನ್ನು ನಂಬಿದ್ದರು, ಅಷ್ಟೆ. ಕಡತವನ್ನು ಹಿಂದಕ್ಕೆ ಕಳುಹಿಸಿದೆ. ಆದರೆ ಆ ದಿನ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಬಹುದಾಗಿದ್ದ ನಾನೂ ಸುಮ್ಮನೆ ಕುಳಿತಿದ್ದೆ.

ಆದ್ದರಿಂದಲೇ 2001ರ ಜುಲೈಯಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ ನಡೆದ ಮುಕ್ತ ತಂತ್ರಾಂಶ ಸಮಾವೇಶ ನನಗೆ ಮೆಚ್ಚುಗೆಯಾಗುತ್ತದೆ. ಮೈಕ್ರೋಸಾಫ್ಟ್‌ನ ಹಿರಿಯ ಅಧಿಕಾರಿ ಕ್ರೇಗ್ ಮುಂಡೀ ಅಲ್ಲಿಗೆ ಬಂದು ತಮ್ಮ ಕಂಪನಿಯ ನಿಲುವನ್ನು ವಿವರಿಸಿದರು. ಬಳಿಕ ರೆಡ್ ಹ್ಯಾಟ್‌ನ ಮೈಕೆಲ್ ಟೀಮನ್ ಅವರೊಡನೆ ಅದೇ ಸಭೆಯ ಮುಂದೆ ವಾದಕ್ಕೂ ನಿಂತರು. ಎದುರಾಳಿಯನ್ನು ಕರೆಯುವುದಾದರೆ ಹೀಗೆ ಕರೆಯಬೇಕು. ಸಂಕೇತ ತಂದ ಎಂಜಿನಿಯರ್ ಯಾವ ಕಂಪನಿಯವನಾದರೂ ಬರಲಿ. ಪ್ರಾಯೋಜಕರು ಮಳಿಗೆ ಹಾಕಿಕೊಳ್ಳಲಿ. ಪ್ರಧಾನ ಭಾಷಣ ಮಾತ್ರ ಹಣಕ್ಕೆ ಸಿಗಬಾರದು. ಯಾರು ಎಷ್ಟು ಕೊಟ್ಟರು, ಪ್ರತಿಯಾಗಿ ಏನು ಪಡೆದರು ಎಂಬುದನ್ನು ಸಂಘಟಕರು ಪ್ರಕಟಿಸಬೇಕು.

ಸರ್ಕಾರದ ಪಾಲಿನ ಕೆಲಸವೂ ಇದೆ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂದೂ, ಅದನ್ನು ಕೈಬಿಡುವ ಪೂರೈಕೆದಾರರು ಕಾರಣ ಕೊಡಬೇಕೆಂದೂ ಕೇಂದ್ರ ಸರ್ಕಾರದ 2015ರ ನೀತಿ ಹೇಳುತ್ತದೆ. ಬೆಲೆಬಾಳುವ ಉಡುಗೊರೆ ಪಡೆದರೆ ಅಧಿಕಾರಿ ವರದಿ ಮಾಡಬೇಕೆಂಬುದು ನಡತೆ ನಿಯಮ. ತಂತ್ರಾಂಶ ಖರೀದಿಗೆ ಷರತ್ತು ಬರೆಯುವವರು ಹಿಂದಿನ ಒಂದು ವರ್ಷದಲ್ಲಿ ಯಾವ ಸಮಾವೇಶಗಳಿಗೆ, ಯಾರ ಖರ್ಚಿನಲ್ಲಿ ಹೋಗಿದ್ದರೆಂಬುದನ್ನೂ ಅದೇ ಕಡತದ ಟಿಪ್ಪಣಿ ಹಾಳೆಯಲ್ಲಿ ನಮೂದಿಸಲಿ.