ಅರ್ಧ ನೆನಪು ಸಾಲದು

ರೋಣ ತಾಲ್ಲೂಕಿನ ಅಸೂಟಿಯಲ್ಲಿ ಮುರುಘರಾಜೇಂದ್ರ ಕೋರಣೇಶ್ವರ ಶಾಂತಿಧಾಮ ಮಠವಿದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿಯ ಕೋರಣೇಶ್ವರ ಸಂಸ್ಥಾನ ಮಠಕ್ಕೆ ಸೇರಿದ್ದು. ಖಜೂರಿಯ ಪೂಜ್ಯರ ಪ್ರವಚನ ಕೇಳಿ ಮನಸೋತ ಊರಿನ ಮುಸ್ಲಿಂ ಗೃಹಸ್ಥರೊಬ್ಬರು ಎರಡು ಎಕರೆ ಭೂಮಿಯನ್ನು ಈ ಮಠಕ್ಕೆ ದಾನ ಕೊಟ್ಟಿದ್ದರು. 2020ರ ಫೆಬ್ರುವರಿ 26ರಂದು ಅವರ ಮಗನನ್ನೇ ಮಠದ ಪಟ್ಟಕ್ಕೆ ಕೂರಿಸಲಾಯಿತು. ಬಸವತತ್ತ್ವ ಇನ್ನೂ ಜೀವಂತವಿದೆ ಎಂದು ನಾವೆಲ್ಲ ಆಗ ಹೆಮ್ಮೆಪಟ್ಟೆವು.

ಆ ಹೆಮ್ಮೆ ಸರಿಯಾದದ್ದೇ. ಆದರೆ ಅದರ ಬೆಲೆ ಎಷ್ಟೆಂದು ಅರಿಯಬೇಕಾದರೆ, ಖಜೂರಿ ಇರುವ ಅದೇ ಕಲಬುರಗಿ ಸೀಮೆಯಲ್ಲಿ 1948ರಲ್ಲಿ ಏನಾಯಿತು ಎಂಬುದನ್ನು ಪೂರ್ತಿಯಾಗಿ ನೆನೆಯಬೇಕು. ನಾವು ಅದನ್ನು ಅರ್ಧ ಮಾತ್ರ ನೆನೆಯುತ್ತ ಬಂದಿದ್ದೇವೆ.

ನೆನೆಯುವ ಅರ್ಧ ಎಲ್ಲರಿಗೂ ಗೊತ್ತು. ನಿಜಾಮನ ರಾಜ್ಯದಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿ ಹಳ್ಳಿಗೆ ನುಗ್ಗಿ ಸುಲಿದರು, ಸುಟ್ಟರು, ಕೊಂದರು. ಬಸವಕಲ್ಯಾಣದ ಸಮೀಪದ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಇನ್ನೂರು ಮಂದಿ ಸತ್ತರೆಂದು ಆ ಭಾಗದವರು ಇಂದಿಗೂ ಹೇಳುತ್ತಾರೆ. ರೋಣ ತಾಲ್ಲೂಕು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಗಜೇಂದ್ರಗಡ ದಾಟಿದರೆ ನಿಜಾಮನ ಸೀಮೆ. ಅತ್ತಲಿಂದ ಜೀವ ಉಳಿಸಿಕೊಂಡು ಬಂದವರಿಗೆ ಈ ಗಡಿಯ ಊರುಗಳು ಆಸರೆಯಾದವು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ಕಟ್ಟಿ ಹೋರಾಡಿದರು. ಅವರ ಹೋರಾಟದ ಮುಂದೆ ನಾವು ಇಂದಿಗೂ ತಲೆಬಾಗುತ್ತೇವೆ.

ಇನ್ನು ಮರೆತ ಅರ್ಧ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದಿನೊಳಗೆ ಹೊಕ್ಕಿತು. 17ಕ್ಕೆ ನಿಜಾಮ ಶರಣಾದ. ರಜಾಕಾರರ ಭಯೋತ್ಪಾದನೆ ಮುಗಿಯಿತು. ಜನರ ಎದೆಯ ಭಯ ಮಾತ್ರ ಮುಗಿಯಲಿಲ್ಲ. ವರ್ಷಗಟ್ಟಲೆ ಒಳಗೇ ಕುದಿದ ಆ ಭಯ ಗುಂಪು ಕಟ್ಟಿಕೊಂಡು ಬೀದಿಗೆ ಬಂತು. ಬಂದೂಕು ಹಿಡಿದ ರಜಾಕಾರ ಅಷ್ಟು ಹೊತ್ತಿಗೆ ಓಡಿಹೋಗಿದ್ದ, ಇಲ್ಲವೇ ಸೆರೆಯಾಗಿದ್ದ. ಗುಂಪಿಗೆ ಸಿಕ್ಕವನು ನೆರೆಮನೆಯ ಮುಸ್ಲಿಮ.

ನಡೆದದ್ದನ್ನು ಅರಿಯಲು ಕೇಂದ್ರ ಸರ್ಕಾರ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಸಮಿತಿಯೊಂದನ್ನು ಕಳಿಸಿತು. ಆ ವರ್ಷದ ನವೆಂಬರ್ ಕೊನೆ ಮತ್ತು ಡಿಸೆಂಬರಿನಲ್ಲಿ ಅದು ಊರೂರು ತಿರುಗಿತು. ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲೂ ಆನಂತರವೂ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿತು. ಎಲ್ಲಕ್ಕಿಂತ ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ್ ಎಂದು ಬರೆಯಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ನಮ್ಮ ಹಬ್ಬದ ಭಾಷಣಗಳಿಗೆ ಅದು ಇನ್ನೂ ಸಿಕ್ಕಿಲ್ಲ.

ಗುಲ್ಬರ್ಗ, ಬೀದರ ಎಂದರೆ ನಮಗೆ ಬರಿಯ ಜಿಲ್ಲೆಗಳ ಹೆಸರಲ್ಲ. ಅದು ಅನುಭವ ಮಂಟಪದ ನೆಲ. ಆ ಗುಂಪುಗಳಲ್ಲಿ ಕೊರಳಲ್ಲಿ ಲಿಂಗವಿದ್ದವರು ಒಬ್ಬರೂ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. "ಮೊದಲು ಕೊಂದವರು ಅವರಲ್ಲವೇ? ನಮ್ಮವರ ಹೆಣದ ಲೆಕ್ಕವನ್ನು ಮೊದಲು ಹೇಳಿ" ಎನ್ನುತ್ತಾರೆ. ಹೇಳೋಣ, ಗೋರ್ಟಾದ ಲೆಕ್ಕವನ್ನು ಕಡಿಮೆ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ 'ಅವರು' ಎಂದರೆ ಯಾರು? ರಜಾಕಾರರನ್ನು ಎದುರಿಸಿ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಮುಸ್ಲಿಮರೇ. 1948ರ ಆಗಸ್ಟಿನಲ್ಲಿ ಅವರನ್ನು ಕೊಂದವರು ರಜಾಕಾರರೇ. ಇನ್ನೊಂದು ಮಾತು. ರಜಾಕಾರರ ನಾಯಕ ಕಾಸಿಂ ರಜ್ವಿಗೆ ನ್ಯಾಯಾಲಯ ಸಿಕ್ಕಿತು, ವಕೀಲರು ಸಿಕ್ಕರು. ಅವನು 1957ರವರೆಗೆ ಸೆರೆಮನೆಯಲ್ಲಿದ್ದು, ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಯಾವ ತಪ್ಪನ್ನೂ ಮಾಡದ ಬಡವನಿಗೆ ಮಾತ್ರ ವಿಚಾರಣೆ ಇಲ್ಲದೆ ಮರಣದಂಡನೆಯಾಯಿತು. ಗುಂಪಿನ ನ್ಯಾಯ ಎಂದರೆ ಇದೇ. ದೊಡ್ಡ ಅಪರಾಧಿ ಅದರ ಕೈಗೆ ಎಂದೂ ಸಿಗುವುದಿಲ್ಲ.

ಇದು ಹಳೆಯ ಕಥೆ ಎಂದು ಪುಟ ಮಗುಚುವಂತೆಯೂ ಇಲ್ಲ. 2018ರ ಜುಲೈ 13ರಂದು ಅದೇ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು? ಗೆಳೆಯನ ಊರಿಗೆ ಬಂದಿದ್ದ ಹೈದರಾಬಾದಿನ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ದಾರಿಗೆ ಅಡ್ಡ ಕಟ್ಟಿದರು. ಇಂಜಿನಿಯರ್ ಯುವಕನೊಬ್ಬ ಹೊಡೆತಕ್ಕೆ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅಲ್ಲಿ ರಜಾಕಾರರಿರಲಿಲ್ಲ, ಕಳೆದುಹೋದ ಮಗುವೂ ಇರಲಿಲ್ಲ. ಭಯವೊಂದೇ ಇತ್ತು, ಗುಂಪು ಕೂಡಲು ಅಷ್ಟೇ ಸಾಕಾಯಿತು.

ಭಯಪಡುವುದು ತಪ್ಪಲ್ಲ. ಶರಣರೂ ಭಯವನ್ನು ಕಂಡವರೇ. ಹರಳಯ್ಯ, ಮಧುವಯ್ಯರಿಗೆ ಎಳೆಹೂಟೆಯ ಶಿಕ್ಷೆಯಾದ ಮೇಲೆ ಕಲ್ಯಾಣ ಬಿಟ್ಟು ಉಳವಿಯ ಕಾಡಿನವರೆಗೆ ನಡೆದವರ ಪರಂಪರೆ ನಮ್ಮದು. ಬೇಟೆಗೆ ಗುರಿಯಾದವನ ಸಂಕಟ ನಮಗೆ ಗೊತ್ತಿರಬೇಕು. ತಪ್ಪು ಇರುವುದು ಭಯವನ್ನು ಗುಂಪಿನ ಕೈಗೆ ಕೊಡುವುದರಲ್ಲಿ. ಬಸವಣ್ಣನವರು ಇಷ್ಟಲಿಂಗವನ್ನು ಕೊಟ್ಟದ್ದು ಒಬ್ಬೊಬ್ಬರ ಅಂಗೈಗೆ. ಅದರ ಮುಂದೆ ಒಬ್ಬೊಬ್ಬರೇ ಕೂರಬೇಕು, ಒಬ್ಬೊಬ್ಬರೇ ಲೆಕ್ಕ ಕೊಡಬೇಕು. ಗುಂಪಿನಲ್ಲಿ ನಿಂತವನು "ನಾನೊಬ್ಬನೇ ಹೊಡೆದೆನೇ?" ಎನ್ನುತ್ತಾನೆ. ಲಿಂಗದ ಮುಂದೆ ಆ ಮಾತು ನಡೆಯದು.

ಸುಂದರಲಾಲ್ ಸಮಿತಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ. ಆ ಕತ್ತಲಲ್ಲೂ ಮುಸ್ಲಿಂ ನೆರೆಯವರನ್ನು ತಮ್ಮ ಜೀವ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳಿದ್ದರು. ಅವರಲ್ಲಿ ಎದ್ದು ಕಂಡವರು ನೇಕಾರರು. ಮುಸ್ಲಿಂ ನೇಕಾರರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟವರೂ ಇದ್ದರಂತೆ. ಗಜೇಂದ್ರಗಡದಂಥ ಮಗ್ಗದ ಊರನ್ನು ಕಂಡವರಿಗೆ ಇದರ ಅರ್ಥ ಬೇಗ ಆದೀತು. ಒಂದೇ ಕಾಯಕ ಮಾಡುವವರು ದಿನವೂ ನೂಲಿಗಾಗಿ, ಬಣ್ಣಕ್ಕಾಗಿ, ಸಂತೆಗಾಗಿ ಒಬ್ಬರನ್ನೊಬ್ಬರು ನೋಡುತ್ತಾರೆ. ಪಕ್ಕದ ಮಗ್ಗದವನು ಎಂಥವನೆಂದು ಅವರಿಗೆ ವದಂತಿ ಬಂದು ಹೇಳಬೇಕಾಗಿಲ್ಲ. ಕಾಯಕದಿಂದ ಬೆಳೆದ ಪರಿಚಯ ಭಯಕ್ಕಿಂತ ಗಟ್ಟಿ. ಜೇಡರ ದಾಸಿಮಯ್ಯನವರನ್ನು ಪೂಜಿಸುವ ನಮಗೆ ಇದು ಹೊಸ ಪಾಠವಲ್ಲ, ಮರೆತ ಪಾಠ.

ಹಾಗಾದರೆ ಮಠಗಳು ಮಾಡಬೇಕಾದದ್ದೇನು? ಮೊದಲನೆಯದು, ಸೆಪ್ಟೆಂಬರ್ 17ರ ನೆನಪನ್ನು ಪೂರ್ತಿ ಮಾಡುವುದು. ಗೋರ್ಟಾದ ಸತ್ತವರಿಗೂ, ಆನಂತರ ಸತ್ತ ಅಮಾಯಕರಿಗೂ, ನೆರೆಯವರಿಗಾಗಿ ಪ್ರಾಣ ಕೊಟ್ಟ ನೇಕಾರರಿಗೂ ಒಂದೇ ವೇದಿಕೆಯಲ್ಲಿ ನಮನ ಸಲ್ಲಿಸಲಿ. ಎರಡನೆಯದು, ಊರಿಗೆ ಬಂದ ಅಪರಿಚಿತನ ಮೇಲೆ ಸಂಶಯ ಬಂದರೆ ಅವನನ್ನು ಮಠದೊಳಗೆ ಕರೆದು ಕೂರಿಸಿ, ನೀರು ಕೊಟ್ಟು, 112ಕ್ಕೆ ಫೋನ್ ಮಾಡುವ ರೂಢಿಯನ್ನು ಪೂಜ್ಯರೇ ಕಲಿಸಲಿ. ಪೊಲೀಸರು ಬರುವವರೆಗೆ ಮಠದ ಬಾಗಿಲಲ್ಲಿ ಅವರೇ ನಿಂತರೆ, ಕೈ ಎತ್ತುವ ಮುನ್ನ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಮೂರನೆಯದು, ಶ್ರಾವಣದ ಪ್ರವಚನದಲ್ಲಿ ಒಂದು ಸಂಜೆ ಮೊಬೈಲಿಗೂ ಮೀಸಲಿರಲಿ. ಯಾವ ಊರು, ಯಾರ ಮಗು, ಯಾವ ದಿನ ಎಂದು ಕೇಳದೆ ಮುಂದೆ ಕಳಿಸಿದ ಸುದ್ದಿಯೂ ಎಸೆದ ಕಲ್ಲೇ ಎಂದು ತರುಣರಿಗೆ ತಿಳಿಯಲಿ.

ಇದೆಲ್ಲ ಆಗದ ಮಾತೆನ್ನುವವರು ಅಸೂಟಿಯ ಕಡೆ ನೋಡಲಿ. ಒಂದು ಕಾಲಕ್ಕೆ ಗುಂಪುಗಳು ಓಡಾಡಿದ ಕಲಬುರಗಿ ಸೀಮೆಯಿಂದ ಪ್ರವಚನ ಹೊರಟು ಬಂತು, ಈ ಊರಿನ ಮುಸ್ಲಿಂ ಮನೆಯೊಂದು ಅದಕ್ಕೆ ಎರಡು ಎಕರೆ ಕೊಟ್ಟಿತು. ಕೊಟ್ಟವರು ನಮ್ಮನ್ನು ನಂಬಿ ಕೊಟ್ಟರು. ಮುಂದೆ ಯಾವುದೋ ಒಂದು ರಾತ್ರಿ ಯಾವುದೋ ಊರಿನಲ್ಲಿ ಗುಂಪು ಕೂಡಿದಾಗ, ಆ ನಂಬಿಗೆಗೆ ನಾವು ಎಷ್ಟು ಯೋಗ್ಯರು ಎಂಬುದು ಗೊತ್ತಾಗುತ್ತದೆ. ಆ ರಾತ್ರಿಗೆ ಇಂದೇ ಸಿದ್ಧರಾಗೋಣ.